ಮೊಳೆಯ ಮೇಲಿನ ಬಿಳಿ ಮುಚ್ಚಳ

ನನ್ನ ಭಾವನ ಸಾಮ್ರಾಜ್ಯದ ವಿಸ್ತೀರ್ಣ ಒಂದೂವರೆ ಎಕರೆ. ಅದರಲ್ಲಿ ಒಂದು ಎಮ್ಮೆ, ಎರಡು ಹಸು, ನಾಲ್ಕು ಆಡು, ಗಡ್ಡ ಬಿಟ್ಟು ಎಲ್ಲದಕ್ಕೂ ತಕರಾರು ತೆಗೆಯುತ್ತಿದ್ದುದರಿಂದ ‘ವಕೀಲರು’ ಎಂದು ಹೆಸರಾಗಿದ್ದ ಒಂದು ಹೋತ, ಎಣಿಸುವಷ್ಟು ಹೊತ್ತು ಒಂದೆಡೆ ನಿಲ್ಲದ ಕೋಳಿಗಳು. ಪ್ರಜೆಗಳು ಮೂವರು: ನನ್ನ ಅಕ್ಕ, ಅವಳ ಹದಿನಾರು ವರ್ಷದ ಮಗಳು, ಮತ್ತು ತಾಯಿಯಿಲ್ಲದ ಭಾವನನ್ನು ಎತ್ತಿ ಆಡಿಸಿ ಬೆಳೆಸಿದ ಅವರ ಸೋದರತ್ತೆ. ಅತ್ತೆ ಎಂದರೆ ಭಾವನಿಗೆ ಅತ್ತೆ. ಬರಬರುತ್ತಾ ಅಕ್ಕನಿಗೂ ನನಗೂ ಆ ಬೀದಿಗೆಲ್ಲ ಅವರು ಅತ್ತೆಯೇ ಆಗಿಹೋದರು.

ಭಾವ ಮೈಗಳ್ಳರೆಂದು ಯಾರೂ ಹೇಳುವಂತಿಲ್ಲ. ಹುಲ್ಲು ಕೊಯ್ಯಲು ಕೂತರೆ ಸೂರ್ಯನೇ ನಾಚಿಕೊಂಡು ಮೋಡದ ಹಿಂದೆ ಹೋಗಬೇಕು, ಅಷ್ಟು ದುಡಿತ. ಬೇಲಿ ಕಟ್ಟಿದರೆ ಕಟ್ಟಿದಂತೆಯೇ. ಆದರೆ ಅವರಿಗೊಂದು ರೋಗವಿತ್ತು. ಕರು ಬಕೆಟ್ಟಿನಲ್ಲಿ ತಲೆ ಸಿಕ್ಕಿಸಿಕೊಂಡು ಅಂಗಳವೆಲ್ಲ ಓಡಾಡಲಿ, ಕೋಳಿಯೊಂದು ಹಿಟ್ಟಿನ ಡಬ್ಬಿಗೆ ಬಿದ್ದು ಭೂತದಂತೆ ಎದ್ದು ಬರಲಿ, ಅವರ ಬಾಯಿಂದ ಹೊರಡುವ ಮೊದಲ ಮಾತು ಒಂದೇ: “ಯಾರ್ ಮಾಡಿದ್ದು ಇದು?” ಕರುವನ್ನು ಬಿಡಿಸುವುದು, ಕೋಳಿಯನ್ನು ಕೊಡವುವುದು ಆಮೇಲಿನ ಮಾತು. ಮೊದಲು ಅಪರಾಧಿ ಸಿಗಬೇಕು. ಒಂದು ಸಲ ತಾವೇ ಒದ್ದು ಬಾವಿಗೆ ಬೀಳಿಸಿದ ಬಕೆಟ್ಟಿನ ಮುಳುಗುವ ಸದ್ದು ನಿಲ್ಲುವ ಮೊದಲೇ, “ದಾರೀಲಿ ಬಕೆಟ್ ಇಟ್ಟೋರು ಯಾರು?” ಎಂದು ಕೂಗಿದ ಮಹಾನುಭಾವರು.

ಈ ರೋಗ ಮಾಗಿ ಮಾಗಿ ಕೊನೆಗೊಂದು ಕಾನೂನಾಯಿತು. ಅದೇ ಮುಚ್ಚಳದ ಕಾನೂನು.

ತೋಟದ ಮುಂಬಾಗಿಲಿಗೆ ಕಬ್ಬಿಣದ ಗೇಟು. ಅದನ್ನು ಮುಚ್ಚುವುದೆಂದರೆ ಮೊಣಕಾಲಿನಿಂದ ತಳ್ಳಿ, ಅದೇ ಹೊತ್ತಿಗೆ ಚಿಲಕ ಎತ್ತಿ, ಕೆಳಕ್ಕೆ ಕುಕ್ಕಬೇಕು. ಕುಕ್ಕದಿದ್ದರೆ ಮುಚ್ಚಿದಂತೆ ಕಂಡು, ನೀವು ಬೆನ್ನು ತಿರುಗಿಸಿದ ಕೂಡಲೇ ನಿಧಾನವಾಗಿ ಬಾಯಿ ತೆರೆಯುತ್ತದೆ. ಆಡುಗಳು ಹೀಗೆ ನಾಲ್ಕಾರು ಸಲ ಹೊರಬಿದ್ದ ಮೇಲೆ ಭಾವ ಗೇಟಿನ ಪಕ್ಕದ ಕಂಬಕ್ಕೆ ಒಂದು ದೊಡ್ಡ ಮೊಳೆ, ಅದರ ಕೆಳಗೆ ನಾಲ್ಕು ಸಣ್ಣ ಮೊಳೆ ಹೊಡೆದರು. ಬಣ್ಣದ ಡಬ್ಬಿಗಳ ಮುಚ್ಚಳಕ್ಕೆ ತೂತು ಕೊರೆದು ಒಬ್ಬೊಬ್ಬರಿಗೆ ಒಂದೊಂದು ಹಂಚಿದರು. ತಮಗೆ ಕೆಂಪು, ಅಕ್ಕನಿಗೆ ನೀಲಿ, ಮಗಳಿಗೆ ಹಳದಿ. ಬಣ್ಣದ ಮುಚ್ಚಳ ಮೂರೇ ಇದ್ದುದರಿಂದ ಅತ್ತೆಗೆ ಹಳೆಯ ಹಾಲಿನ ಕ್ಯಾನಿನ ಬಿಳಿ ಮುಚ್ಚಳ. ಗೇಟು ದಾಟಿದವರು ಮೊದಲಿದ್ದ ಮುಚ್ಚಳವನ್ನು ಸಣ್ಣ ಮೊಳೆಗೆ ಇಳಿಸಿ, ತಮ್ಮದನ್ನು ದೊಡ್ಡ ಮೊಳೆಗೆ ಏರಿಸಬೇಕು. ಗೇಟು ತೆರೆದದ್ದು ಕಂಡರೆ ದೊಡ್ಡ ಮೊಳೆ ನೋಡಿದರಾಯಿತು, ಕೊನೆಗೆ ದಾಟಿದ ಅಪರಾಧಿ ಅಲ್ಲೇ ನೇತಾಡುತ್ತಿರುತ್ತಾನೆ.

“ಜನ ಸುಳ್ಳು ಹೇಳ್ತಾರೆ, ಮೊಳೆ ಹೇಳಲ್ಲ,” ಎಂದು ಭಾವ ಬಂದವರಿಗೆಲ್ಲ ವಿವರಿಸುತ್ತಿದ್ದರು.

ಮೂರು ವರ್ಷದಲ್ಲಿ ಹಳದಿ ಏಳು ಸಲ ಸಿಕ್ಕಿಬಿತ್ತು, ನೀಲಿ ನಾಲ್ಕು ಸಲ. ಕೆಂಪು ಒಮ್ಮೆಯೂ ಇಲ್ಲ. “ಅಪ್ಪ ಸಿಕ್ಕಿಬಿದ್ದ ದಿನ ಕಾನೂನಿಗೆ ರಜಾ,” ಎಂದು ಮಗಳು ನನ್ನ ಕಿವಿಯಲ್ಲಿ ಹೇಳಿದ್ದುಂಟು. ಬಿಳಿ ಮುಚ್ಚಳವೂ ಒಮ್ಮೆಯೂ ಸಿಕ್ಕಿರಲಿಲ್ಲ, ಆದರೆ ಅದಕ್ಕೆ ನ್ಯಾಯವಾದ ಕಾರಣವಿತ್ತು. ಅತ್ತೆ ಚಿಲಕ ಕುಕ್ಕಿದ ಮೇಲೆ ಅದರ ಮೇಲೆ ಅಂಗೈ ಇಟ್ಟು, “ಮುಚ್ಚಿದೆ,” ಎಂದು ಬಾಯಿಬಿಟ್ಟು ಹೇಳುತ್ತಿದ್ದರು. ಒಲೆ ಆರಿಸಿದರೆ “ಆರಿಸಿದೆ.” ಕೋಳಿಗೂಡು ಹಾಕಿದರೆ “ಹಾಕಿದೆ.” ಎಪ್ಪತ್ತೊಂದರ ವಯಸ್ಸಿನಲ್ಲಿ ಅವರಿಗಿದ್ದ ಹೆಮ್ಮೆ ಅದೊಂದೇ. ಅದಕ್ಕೊಂದು ಹೆದರಿಕೆಯ ಬೇರೂ ಇತ್ತು. ಅವರ ಅಕ್ಕ ಕೊನೆಯ ನಾಲ್ಕು ವರ್ಷ ಸ್ವಂತ ಮಕ್ಕಳ ಮುಖ ನೋಡಿ, “ಯಾರಪ್ಪ ನೀವು, ಊಟ ಆಯ್ತಾ?” ಎಂದು ಕೇಳುತ್ತಾ ತೀರಿಕೊಂಡಿದ್ದರು.

ಇನ್ನು ಆ ದಿನದ ಕಥೆ.

ಮಧ್ಯಾಹ್ನ ಮೂರು ಗಂಟೆ. ಭಾವ ಹುಲ್ಲು ತುಂಬಿದ ಕೈಗಾಡಿಯನ್ನು ಒಳಗೆ ತಳ್ಳಿ, ಕಾನೂನಿನ ಪ್ರಕಾರ ಕೆಂಪು ಮುಚ್ಚಳವನ್ನು ದೊಡ್ಡ ಮೊಳೆಗೆ ಏರಿಸಿದರು. ಅಷ್ಟರಲ್ಲಿ ಹಿಂಡಿ ಮಾರುವವನು ಸೈಕಲ್ ನಿಲ್ಲಿಸಿ, “ಏನ್ ಯಜಮಾನ್ರೇ ಇದು, ಮುಚ್ಚಳದ ಅಂಗಡಿ?” ಎಂದುಬಿಟ್ಟ. ಇದಕ್ಕಿಂತ ಸಿಹಿಯಾದ ಪ್ರಶ್ನೆ ಭಾವನ ಜೀವನದಲ್ಲಿ ಬೇರೊಂದಿಲ್ಲ. ಅವರು ಶುರು ಮಾಡಿದರು. ಹಿಂಡಿಯವನು ಹೊರಡಲು ನೋಡಿದ. ಭಾವ ಅವನ ಸೈಕಲ್ಲಿನ ಹ್ಯಾಂಡಲ್ ಹಿಡಿದು ಬೀದಿಯ ತಿರುವಿನ ತನಕ ಜೊತೆಗೇ ನಡೆದರು. ಗೇಟು ತೆರೆದಿಡುವವರ ಬೇಜವಾಬ್ದಾರಿಯನ್ನು ಕುರಿತು ಅರ್ಧ ಗಂಟೆ ಮಾತಾಡಿದರು. ಆ ಅರ್ಧ ಗಂಟೆಯೂ ಅವರ ಬೆನ್ನ ಹಿಂದೆ ಗೇಟು ಹಾರು ಹೊಡೆದಿತ್ತು.

ಸೈನ್ಯ ಹೊರಟಿತು. ಮುಂದೆ ವಕೀಲರು, ಹಿಂದೆ ಅವರ ನಾಲ್ವರು ಕಕ್ಷಿದಾರರು, ಅವರ ಹಿಂದೆ ಮಂದಗಮನೆಯಾಗಿ ಎಮ್ಮೆ. ಕೋಳಿಗಳು ಅಕ್ಕಪಕ್ಕದಲ್ಲಿ ಕಹಳೆ ಊದುತ್ತಾ ನಡೆದವು. ಹಸುಗಳು ಮಾತ್ರ ಕಟ್ಟಿಹಾಕಿದ್ದರಿಂದ ತಟಸ್ಥವಾಗಿ ಉಳಿದವು. ದಂಡಯಾತ್ರೆ ಮೊದಲು ಮುಟ್ಟಿದ್ದು ಪಕ್ಕದ ದರ್ಜಿಯ ಮನೆಯನ್ನು.

ದರ್ಜಿ ಆ ವಾರ ಶಾಲೆಯೊಂದಕ್ಕೆ ಯೂನಿಫಾರ್ಮ್ ಹೊಲಿಯುತ್ತಿದ್ದ. ಇಸ್ತ್ರಿ ಮಾಡಿದ ಬಿಳಿ ಶರ್ಟುಗಳು ಜಗಲಿಯ ಬೆಂಚಿನ ಮೇಲೆ ಒಂದರ ಮೇಲೊಂದು ಕೂತಿದ್ದವು, ಗಂಜಿ ಹಾಕಿ ಗರಿಗರಿ ಮಾಡಿದ ಕಾಲರುಗಳು ಹೊರಕ್ಕೆ ಚಾಚಿಕೊಂಡು. ಗಂಜಿಯ ಕಾಲರು ಹೋತಕ್ಕೆ ಎಷ್ಟು ಪ್ರಿಯವೆಂದು ಅವತ್ತಿನವರೆಗೆ ಲೋಕಕ್ಕೆ ಗೊತ್ತಿರಲಿಲ್ಲ. ವಕೀಲರು ಶರ್ಟಿನ ಬೇರೆ ಭಾಗವನ್ನು ಮೂಸಿಯೂ ನೋಡದೆ, ಹತ್ತೊಂಬತ್ತು ಕಾಲರುಗಳನ್ನು ವಿಚಾರಣೆಗೆ ತೆಗೆದುಕೊಂಡರು. ಒಳಗೆ ನಿದ್ದೆ ಹೋಗಿದ್ದ ದರ್ಜಿ ಎದ್ದು ಬಂದಾಗ ಹೊಲಿಗೆ ಯಂತ್ರದ ಮೇಲೆ ಒಂದು ಕೋಳಿ, ಅದರ ಪೆಡಲಿನ ಮೇಲೆ ಇನ್ನೊಂದು. ಅವನ ಕೂಗಿಗೆ ಬೀದಿಯೇ ಸೇರಿತು.

ಎಮ್ಮೆ ಈ ಸಣ್ಣ ಲೂಟಿಗಳಿಗೆ ಕೈಹಾಕದೆ ದರ್ಜಿಯ ಮನೆಗೂ ಹಿಂದಿನ ಗೋಡೆಗೂ ನಡುವಿನ ಓಣಿಗೆ ನುಗ್ಗಿತ್ತು. ಓಣಿ ಹೋಗುತ್ತಾ ಹೋಗುತ್ತಾ ಕಿರಿದಾಗಿ ಬಚ್ಚಲುಮನೆಯಲ್ಲಿ ಮುಗಿಯುತ್ತದೆ. ಎಮ್ಮೆ ಹೋಗುತ್ತಾ ಹೋಗುತ್ತಾ ಅಗಲವಾಗುತ್ತದೆ. ಎರಡೂ ಸಂಧಿಸಿದ ಜಾಗದಲ್ಲಿ ಅದು ನಿಂತಿತು. ಭಾವ ಓಡಿ ಬಂದು ಬಾಲ ಹಿಡಿದು ಎಳೆದರು. ದರ್ಜಿ ಭಾವನನ್ನು ಎಳೆದ. ಎಮ್ಮೆ ಮೆಲುಕು ಹಾಕಿತು.

“ಅದಕ್ಕೆ ರಿವರ್ಸ್ ಇಲ್ಲ ಅಪ್ಪ,” ಎಂದಳು ಮಗಳು.

“ನಿನ್ನ ಬುದ್ಧಿ ಆಮೇಲೆ ಹೇಳು, ಹಗ್ಗ ತಾ!”

ಕೊನೆಗೆ ಬಂದವರು ಅತ್ತೆ. ಜನರನ್ನೆಲ್ಲ ದೂರ ನಿಲ್ಲಿಸಿ, ಎಮ್ಮೆಯ ಬೆನ್ನಿನ ಕೊನೆಯಲ್ಲಿ ಕೈ ಇಟ್ಟು ತುರಿಸುತ್ತಾ, ನಾಲಿಗೆಯಲ್ಲಿ ಟಕ್ ಟಕ್ ಎಂದು ಸದ್ದು ಮಾಡುತ್ತಾ, “ಹಿಂದೆ ಬಾರವ್ವ, ಹಿಂದೆ, ಇನ್ನೊಂದು ಹೆಜ್ಜೆ,” ಎಂದು ಹತ್ತು ನಿಮಿಷ ಮಾತಾಡಿಸಿದರು. ಎಮ್ಮೆ ತನ್ನ ಜಾತಿಯಲ್ಲೇ ಯಾರೂ ಮಾಡದ ಸಾಹಸ ಮಾಡಿ, ಹಿಮ್ಮುಖವಾಗಿ ಹೊರಗೆ ಬಂತು. ಬೀದಿ ಚಪ್ಪಾಳೆ ತಟ್ಟಿತು.

ಚಪ್ಪಾಳೆಯ ನಡುವೆ ಅಕ್ಕನ ದನಿ ಕೇಳಿತು: “ಗೇಟ್ ತೆಗೆದಿಟ್ಟೋರು ಯಾರೋ, ಇವತ್ತು ಗ್ರಹಚಾರ ಬಿಡಿಸ್ತೀನಿ. ನಡೀರಿ, ಮೊಳೆ ನೋಡೋಣ.”

ಭಾವ ಎಲ್ಲರಿಗಿಂತ ಮೊದಲು ಹೊರಟರು. ಹೊರಟರು ಎನ್ನುವುದಕ್ಕಿಂತ ಹಾರಿದರು. ದೊಡ್ಡ ಮೊಳೆಯ ಮೇಲೆ ಕೆಂಪು ಮುಚ್ಚಳ, ಬಿಸಿಲಿಗೆ ಹಲ್ಲು ಕಿರಿಯುತ್ತಿತ್ತು. ಹಿಂದೆ ಬೀದಿಯಲ್ಲಿ ಹೆಜ್ಜೆಯ ಸದ್ದು. ಮುಂದಿನದನ್ನು ಅವರೇ ನನಗೆ ಹೇಳಿದ್ದು: ನೀಲಿ ಹಾಕಿದರೆ ಹೆಂಡತಿ ಯುದ್ಧಕ್ಕೆ ನಿಲ್ಲುತ್ತಾಳೆ, ಹಳದಿ ಹಾಕಿದರೆ ಮಗಳು ಸಾಕ್ಷಿ ಸಮೇತ ಪಾಟೀಸವಾಲು ಹಾಕುತ್ತಾಳೆ, ಅತ್ತೆಯಾದರೆ ಯಾರೂ ಬಯ್ಯುವುದಿಲ್ಲ. ಇಷ್ಟೂ ಯೋಚನೆ ಒಂದು ಉಸಿರಿನಲ್ಲಿ. ಕೆಂಪು ಇಳಿಯಿತು, ಬಿಳಿ ಏರಿತು.

ಎಲ್ಲರೂ ಬಂದರು. ಅಕ್ಕ ಮೊಳೆ ನೋಡಿದಳು. ಬಾಯಿ ತೆರೆದವಳು ಮುಚ್ಚಿದಳು.

“ನಂದಾ?” ಎಂದರು ಅತ್ತೆ. “ನಾನು ಮಧ್ಯಾಹ್ನ ಹೊರಗೇ ಹೋಗ್ಲಿಲ್ವಲ್ಲೇ...”

“ಹೋಗಿರ್ತೀರಿ ಬಿಡಿ ಅತ್ತೆ,” ಎಂದಳು ಅಕ್ಕ, ಎಂದೂ ಇಲ್ಲದ ಮೆತ್ತನೆಯ ದನಿಯಲ್ಲಿ. “ಪರವಾಗಿಲ್ಲ. ವಯಸ್ಸಾಯ್ತು, ಆಗುತ್ತೆ.”

ಬೈದಿದ್ದರೆ ಅತ್ತೆ ತಿರುಗಿ ಬೀಳುತ್ತಿದ್ದರು. ಆ ಮೆತ್ತನೆಯ ದನಿ ಕೇಳಿ ಮುಚ್ಚಳವನ್ನು ಬೆರಳಿಂದ ಮುಟ್ಟಿ ನೋಡಿದರು. ಆಮೇಲೆ ಗೇಟಿನ ಚಿಲಕ ಕುಕ್ಕಿ, ಅಂಗೈ ಇಟ್ಟು, “ಮುಚ್ಚಿದೆ” ಎನ್ನದೆ ಒಳಗೆ ಹೋದರು.

ಮರುದಿನ ಅವರು ತಾವಾಗಿಯೇ ದರ್ಜಿಯ ಮನೆಗೆ ಹೋಗಿ, “ನನ್ನ ತಲೆ ಯಾಕೋ ನೆಟ್ಟಗಿಲ್ಲಪ್ಪ, ತಪ್ಪು ನಂದೇ,” ಎಂದು ಕೈ ಹಿಡಿದುಕೊಂಡರು. ಮೂರು ಮಧ್ಯಾಹ್ನ ಅವನ ಜಗಲಿಯಲ್ಲಿ ಕೂತು, ಹತ್ತೊಂಬತ್ತು ಶರ್ಟಿನ ತಿಂದುಳಿದ ಕಾಲರುಗಳನ್ನು ಕತ್ತರಿಯ ತುದಿಯಿಂದ ಒಂದೊಂದೇ ಹೊಲಿಗೆ ಬಿಡಿಸಿ ತೆಗೆದರು. ಬೇಲಿಯ ಈಚೆ ಭಾವ ಹುಲ್ಲು ಕೊಯ್ಯುತ್ತಿದ್ದರು. ಬೇಲಿಯತ್ತ ಮುಖ ಮಾಡದೆ ಕೊಯ್ಯಬೇಕೆಂದು ಹೋಗಿ, ಆ ಮೂರು ದಿನ ಸಾಲು ಸೊಟ್ಟವಾಯಿತು.

ದರ್ಜಿ ಕೊಟ್ಟ ಬಣ್ಣದ ದಾರದ ತುಂಡುಗಳನ್ನು ಅತ್ತೆ ಬೆರಳಿಗೆ ಸುತ್ತಿಕೊಳ್ಳತೊಡಗಿದರು. ಹಸಿರು ಒಲೆಗೆ, ಕಪ್ಪು ಕೋಳಿಗೂಡಿಗೆ, ಬಿಳಿ ಗೇಟಿಗೆ. ಅಡುಗೆಮನೆಯ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆಗಳು ಮೂಡಿದವು. “ಆರಿಸಿದೆ” ಎಂದು ಮೂರು ಸಲ ಹೇಳಿ, ಹಾಸಿಗೆಯಿಂದೆದ್ದು ಹೋಗಿ ನಾಲ್ಕನೇ ಸಲ ನೋಡಿ ಬರುತ್ತಿದ್ದರು. ಹಾಲು ಹಾಕಲು ಹೋದಾಗ ಡೇರಿಯ ಸಾಲಿನಲ್ಲಿ, ಕಾಲುಬೇನೆಯ ಹಸುವನ್ನು ನೋಡಲು ಬಂದ ಪಶುವೈದ್ಯರ ಹತ್ತಿರ, ಎಲ್ಲರಿಗೂ ಹೇಳಿಕೊಂಡರು. ಪಶುವೈದ್ಯರನ್ನಂತೂ, “ಮರೆವಿಗೆ ನಿಮ್ಮ ಹತ್ರ ಔಷಧಿ ಇದೆಯಾ ಡಾಕ್ಟ್ರೇ, ದನದ್ದಾದ್ರೂ ಪರವಾಗಿಲ್ಲ,” ಎಂದು ಕೇಳಿದರಂತೆ. ಅವರು ನಗೆಚಾಟಿಕೆ ಎಂದುಕೊಂಡು ನಕ್ಕರಂತೆ.

ಐದನೆಯ ದಿನ ಭಾವ ನನ್ನನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದೊಯ್ದು ಎಲ್ಲ ಕಕ್ಕಿದರು. ನಾನು ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಕಾನೂನು ಬರೆದ ಕೈಯೇ ಕಳ್ಳಸಹಿ ಹಾಕಿದ ಕಥೆಗೆ ಯಾರು ನಗುವುದಿಲ್ಲ? ಅವತ್ತಿನ ನಗೆ ಈಗ ನೆನಪಾದರೆ ನನಗೂ ಮುಖ ಎತ್ತಲಾಗುವುದಿಲ್ಲ. ನಕ್ಕು ಮುಗಿಸಿ, “ಹೇಳಿಬಿಡಿ ಭಾವ,” ಎಂದೆ.

“ನಾಳೆ,” ಎಂದರು.

ಆರನೆಯ ದಿನ ಅತ್ತೆ ಹಾಲು ಕರೆಯುವುದನ್ನು ಬಿಟ್ಟರು. “ಕರೆದ ಹಾಲು ಎಲ್ಲಿಟ್ಟೆ ಅಂತ ಮರೆತ್ರೆ? ನೀವೇ ಕಲಿತುಕೊಳ್ಳಿ. ನಾನಿರುವಾಗ್ಲೇ ಕಲಿತ್ರೆ ಒಳ್ಳೇದು,” ಎಂದು ಬಕೆಟ್ಟನ್ನು ಅಕ್ಕನ ಕೈಗಿತ್ತರು. ಎಮ್ಮೆ ಹದಿಮೂರು ವರ್ಷದಿಂದ ಅತ್ತೆಯ ಕೈ ಬಿಟ್ಟು ಬೇರೆ ಕೈ ಕಂಡಿದ್ದಿಲ್ಲ. ಅಕ್ಕನಿಗೆ ಒಂದು ಲೋಟ ಹಾಲು, ಒಂದು ಒದೆ. ಮಗಳಿಗೆ ಬರೀ ಒದೆ. ಭಾವ ಉಪಾಯ ಹೂಡಿದರು. ಅತ್ತೆಯ ಹಳೆಯ ಶಾಲನ್ನು ತಲೆತುಂಬ ಹೊದ್ದು, ನಾಲಿಗೆಯಲ್ಲಿ ಟಕ್ ಟಕ್ ಸದ್ದು ಮಾಡುತ್ತಾ ಎಮ್ಮೆಯ ಬಳಿ ಕುಕ್ಕುರುಗಾಲಲ್ಲಿ ಕೂತರು. ಎಮ್ಮೆ ತಿರುಗಿ ಶಾಲನ್ನು ಮೂಸಿತು. ಶಾಲಿನೊಳಗಿನ ಮೀಸೆಯನ್ನು ನೋಡಿತು. ಆಮೇಲೆ ಯಾವ ಕೋಪವೂ ಇಲ್ಲದೆ, ಅವರ ಪಾದದ ಮೇಲೆ ಕಾಲಿಟ್ಟು ನಿಂತುಕೊಂಡಿತು. ಆ ಕಾಲನ್ನು ತೆಗೆಸಲು ಅತ್ತೆಯೇ ಬರಬೇಕಾಯಿತು.

ಏಳನೆಯ ದಿನ ಭಾವ ಹೊಸ ಸಿದ್ಧಾಂತ ಮಂಡಿಸಿದರು. ಗೇಟು ತೆಗೆದದ್ದು ಹೋತ! ಇದನ್ನು ಸಾಬೀತುಪಡಿಸಿ ತೋರಿಸಲು ಮನೆಯವರನ್ನೆಲ್ಲ ಗೇಟಿನ ಮುಂದೆ ನಿಲ್ಲಿಸಿ, ಚಿಲಕಕ್ಕೆ ಬೆಲ್ಲ ಮೆತ್ತಿ, ವಕೀಲರನ್ನು ಕರೆತಂದರು. ವಕೀಲರು ಬೆಲ್ಲ ನೆಕ್ಕಿದರು. ಚಿಲಕ ಅಲುಗಲಿಲ್ಲ. ಭಾವ ಹಿಂದಿನಿಂದ ಮೊಣಕಾಲಲ್ಲಿ ಗೇಟಿಗೆ ಸ್ವಲ್ಪ ಸಹಾಯ ಮಾಡಿದರು.

“ಅಪ್ಪ, ನೀನೇ ತಳ್ತಿದ್ದೀಯ,” ಎಂದಳು ಮಗಳು.

“ಇಲ್ವೇ, ಸುಮ್ನೆ ಒರಗಿಕೊಂಡಿದ್ದೆ.”

“ಸರಿ, ಹೋತ ಗೇಟ್ ತೆಗೀತು ಅಂತಾನೇ ಇಟ್ಕೋ. ಅಜ್ಜಿ ಮುಚ್ಚಳಾನೂ ಅದೇ ನೇತುಹಾಕ್ತಾ?”

ಎಲ್ಲರೂ ನಕ್ಕರು, ಅತ್ತೆಯೊಬ್ಬರನ್ನು ಬಿಟ್ಟು. “ನನ್ನ ಮನಸ್ಸಿಗೆ ಸಮಾಧಾನ ಆಗ್ಲಿ ಅಂತ ಪಾಪ ಏನೇನೋ ಮಾಡ್ತಿದ್ದಾನೆ,” ಎಂದು ಭಾವನ ಬೆನ್ನು ಸವರಿದರು. ಆ ಕೈ ಸವರಿದ ಜಾಗ ಎರಡು ದಿನ ಉರಿಯುತ್ತಿತ್ತು ಎಂದು ಭಾವ ನನಗೆ ಹೇಳಿದರು. ಹೇಳಿ, “ನಾಳೆ ಖಂಡಿತ,” ಎಂದರು. ಹತ್ತನೆಯ ದಿನವೂ ನಾಳೆ. ಹನ್ನೊಂದನೆಯ ದಿನವೂ ನಾಳೆ.

ಹನ್ನೆರಡನೆಯ ದಿನ ಬೆಳಿಗ್ಗೆ ನಾನು ಹಾಲಿಗೆಂದು ಅಲ್ಲಿಗೆ ಹೋಗಿದ್ದೆ. ಅಕ್ಕ ಎಮ್ಮೆಯ ಜೊತೆ ಹೋರಾಡುತ್ತಿದ್ದಳು. ಭಾವ ಬಾಲ ಹಿಡಿದಿದ್ದರು. ಅತ್ತೆ ಬಂದು ಕೊಟ್ಟಿಗೆಯ ಕಂಬಕ್ಕೆ ಒರಗಿ ನಿಂತು, ಭಾವನತ್ತ ತಿರುಗಿ, “ಏ, ನಿನ್ನ ಹತ್ರ ಒಂದು ಮಾತು ತಗೋಬೇಕು ಕಣೋ. ಇವರೆಲ್ಲ ಇದ್ದಾಗ್ಲೇ ಆಗ್ಲಿ,” ಎಂದರು.

“ಏನತ್ತೆ?”

“ನನ್ನ ಅಕ್ಕನ್ನ ಕೊನೆಗೆ ಕೋಣೆಗೆ ಹಾಕಿ ಹೊರಗಿಂದ ಚಿಲಕ ಹಾಕ್ತಿದ್ರು. ಎಲ್ಲಾದ್ರೂ ಹೊರಟುಹೋಗ್ತಾಳೆ ಅಂತ. ಅವಳು ಒಳಗಿಂದ ಬಾಗಿಲು ಬಡೀತಿದ್ಲು. ನನಗೆ ಹಾಗೆ ಮಾಡ್ಬೇಡ. ನಾನು ಎಲ್ಲಾದ್ರೂ ಹೋದ್ರೆ ಹುಡುಕಿ ಕರ್ಕೊಂಡು ಬಾ. ಸಿಗದಿದ್ರೆ ಬಿಡು. ಚಿಲಕ ಮಾತ್ರ ಹಾಕ್ಬೇಡ. ಮಾತು ಕೊಡು.”

ಭಾವನ ಕೈಯಿಂದ ಬಾಲ ಜಾರಿತು. ಎಮ್ಮೆ ಆ ಬಾಲದಿಂದಲೇ ಅವರ ಕೆನ್ನೆಗೆ ಒಂದು ಬಾರಿಸಿತು. ಅವರು ಒರೆಸಿಕೊಳ್ಳಲೂ ಇಲ್ಲ.

“ಮುಚ್ಚಳ ನಾನೇ ಬದಲಾಯಿಸಿದ್ದು,” ಎಂದರು.

“ಏನು?”

“ಅವತ್ತು ಗೇಟ್ ತೆಗೆದಿಟ್ಟಿದ್ದು ನಾನು. ಕೆಂಪು ಇತ್ತು. ನಾನೇ ತೆಗೆದು ನಿಂದು ಹಾಕಿದೆ. ನೀನು ಏನೂ ಮರೆತಿಲ್ಲ ಅತ್ತೆ.”

ಅಕ್ಕ ಎದ್ದು ನಿಂತಳು. ಕೈಯಲ್ಲಿದ್ದ ಬಕೆಟ್ಟನ್ನು ಎಸೆಯುತ್ತಾಳೆಂದು ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಎಸೆಯಲಿಲ್ಲ. ಅತ್ತೆ ಬೆರಳಿನ ದಾರಗಳನ್ನು ಬಿಚ್ಚಿದರು. ಹಸಿರು, ಕಪ್ಪು. ಬಿಳಿಯದು ಗಂಟು ಬಿಗಿದಿತ್ತು, ಹಲ್ಲಿನಿಂದ ಕಡಿದು ಉಗುಳಿದರು. ಅಕ್ಕನ ಕೈಯಿಂದ ಬಕೆಟ್ ತೆಗೆದುಕೊಂಡು ಎಮ್ಮೆಯ ಪಕ್ಕ ಕೂತರು. ಹಾಲಿನ ಧಾರೆ ತಳಕ್ಕೆ ಬೀಳತೊಡಗಿತು. ಬಕೆಟ್ ಮುಕ್ಕಾಲು ತುಂಬಿದ ಮೇಲೆ ಅವರು ತಲೆ ಎತ್ತಿದರು.

“ನಂದೇ ಯಾಕೆ ಹಾಕಿದೆ?”

“ನಿನಗೆ ಯಾರೂ ಬಯ್ಯಲ್ಲ ಅಂತ.”

“ಹೌದು,” ಎಂದರು ಅತ್ತೆ. “ಯಾರೂ ಬಯ್ಯಲಿಲ್ಲ.”

ಅಷ್ಟು ಹೇಳಿ ಮತ್ತೆ ಕರೆಯತೊಡಗಿದರು. ನನ್ನ ಭಾವ, ಐವತ್ತೆರಡು ವರ್ಷದ ಗಂಡಸು, ಸಗಣಿಯ ಮೇಲೆ ಕುಸಿದು ಕೂತು ಅತ್ತರು. ಅತ್ತೆ ಅವರನ್ನು ಸಮಾಧಾನ ಮಾಡಲಿಲ್ಲ. ಹಾಲು ಮುಗಿಸಿ ಎದ್ದು, “ಮುಖ ತೊಳ್ಕೋ. ನಾನು ಯಾರ್ಯಾರ ಹತ್ರ ನನ್ನ ತಲೆ ಕೆಟ್ಟಿದೆ ಅಂತ ಹೇಳಿಕೊಂಡಿದ್ದೀನೋ, ಅವರಿಗೆಲ್ಲ ನೀನೇ ಹೇಳ್ಬೇಕು. ನಾನೂ ಬರ್ತೀನಿ. ನೀನು ಏನ್ ಹೇಳ್ತೀಯ ಅಂತ ಕೇಳ್ಬೇಕು,” ಎಂದರು.

ಹೀಗೆ ಭಾವನ ಎರಡನೆಯ ದಂಡಯಾತ್ರೆ ಹೊರಟಿತು. ದರ್ಜಿ ಎಲ್ಲ ಕೇಳಿಸಿಕೊಂಡು, ಟೇಪನ್ನು ಕೊರಳಿಂದ ತೆಗೆದು ಮೇಜಿನ ಮೇಲಿಟ್ಟು, ಅತ್ತೆಯತ್ತ ಮಾತ್ರ ನೋಡಿ, “ಮೂರು ದಿನ ನಿಮ್ಮ ಕೈಲಿ ಕೆಲಸ ಮಾಡಿಸ್ಕೊಂಡೆನಲ್ಲ ಅತ್ತೆ,” ಎಂದ. ಭಾವನಿಗೆ ಕೂರಲೂ ಹೇಳಲಿಲ್ಲ. ಪಶುವೈದ್ಯರು ನಗಲಿಲ್ಲ, ಈ ಸಲ. ಡೇರಿಯಲ್ಲಿ ಮೂವತ್ತು ಜನರ ಸಾಲು, ಕೈಯಲ್ಲಿ ಕ್ಯಾನು. ಭಾವ ಅಳತೆಯವನ ಕಿವಿಯ ಬಳಿ ಬಗ್ಗಿ ಪಿಸುಗುಟ್ಟಿದರು.

“ಜೋರಾಗಿ ಹೇಳಿ ಯಜಮಾನ್ರೇ, ಹಿಂದಿನವರೂ ಕಾಯ್ತಿದ್ದಾರೆ,” ಎಂದ ಅವನು.

ಭಾವ ಜೋರಾಗಿ ಹೇಳಿದರು. ಮುಂದಿನವರು ಹಿಂದಿನವರಿಗೆ ದಾಟಿಸಿದರು. ಸಾಲಿನ ಕೊನೆಯ ತನಕ ಅದು ಹೋಗುವುದನ್ನು ನಾನು ಕಣ್ಣಾರೆ ನೋಡಿದೆ. ತಲೆಗಳು ಒಂದರ ಹಿಂದೊಂದು ತಿರುಗುತ್ತಿದ್ದವು. ಅತ್ತೆ ಕ್ಯಾನಿನ ಮೇಲೆ ಕೈ ಇಟ್ಟು, ಬೆನ್ನು ನೆಟ್ಟಗೆ ಮಾಡಿ ನಿಂತಿದ್ದರು.

ಅಕ್ಕ ಒಂದು ವಾರ ಗಂಡನ ಜೊತೆ ಎಮ್ಮೆಯ ಮೂಲಕ ಮಾತಾಡಿದಳು. “ಊಟಕ್ಕೆ ಬರ್ಬೇಕಂತೆ ಅಂತ ಹೇಳವ್ವ ಅವರಿಗೆ.” ಮನೆಯಲ್ಲಿ ಏನೇ ಎಡವಟ್ಟಾಗಲಿ ಈಗ ಎಲ್ಲರ ಕಣ್ಣು ಮೊದಲು ತಿರುಗುವುದು ಭಾವನತ್ತ. ಚಮಚ ಕಾಣದಿದ್ದರೆ ಭಾವ, ಕೋಳಿ ಮೊಟ್ಟೆ ಇಡದಿದ್ದರೆ ಭಾವ. ಅವರು ಬಾಯಿ ತೆರೆಯುವುದಿಲ್ಲ. “ಯಾರ್ ಮಾಡಿದ್ದು” ಎಂಬ ಮಾತು ಆ ಅಂಗಳದಲ್ಲಿ ಕೇಳಿ ಎಷ್ಟೋ ದಿನವಾಯಿತು.

ಮೊನ್ನೆ ಸಂಜೆ ನಾನು ಅವರ ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದೆ. ಅತ್ತೆ ಒಲೆಯ ಮುಂದೆ, ತರಕಾರಿ ಬೇಯುತ್ತಿತ್ತು. ಭಾವ ಸೌದೆ ಜೋಡಿಸುತ್ತಿದ್ದರು. ಅತ್ತೆ ಒಂದು ಹಿಡಿ ಉಪ್ಪು ಹಾಕಿದರು. ಹೊರಗೆ ಕೋಳಿಗಳ ಗಲಾಟೆ ಕೇಳಿ ಕಿಟಕಿಯಲ್ಲಿ ಇಣುಕಿ, ತಿರುಗಿ ಬಂದು, ಮತ್ತೊಂದು ಹಿಡಿ ಹಾಕಿದರು.

ಭಾವ ನೋಡಿದರು. ನಾನು ಅವರ ಮುಖ ನೋಡಿದೆ. ಸುಮ್ಮನಿರಬಹುದಿತ್ತು. ಸೌದೆಯ ತುಂಡೊಂದನ್ನು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟರು.

“ಅತ್ತೆ,” ಎಂದರು ಕೊನೆಗೆ, ದನಿ ಎತ್ತದೆ. “ನೀನು ಉಪ್ಪು ಎರಡು ಸಲ ಹಾಕಿದೆ.”

ಪಕ್ಕದ ಕೋಣೆಯಿಂದ ಅಕ್ಕ ಬಾಣದಂತೆ ಬಂದಳು. “ಮತ್ತೆ ಶುರು ಮಾಡಿದ್ರಾ? ನಾಚಿಕೆ ಆಗಲ್ವಾ ನಿಮಗೆ?”

“ಆಗುತ್ತೆ ಕಣೇ. ಆದ್ರೂ ಹಾಕಿದ್ದು ಎರಡು ಸಲ.”

ಅಕ್ಕ ನನ್ನತ್ತ ನೋಡಿದಳು. ನಾನು ತಲೆಯಾಡಿಸಿದೆ. ಅತ್ತೆ ಸೌಟು ಕೈಯಲ್ಲಿ ಹಿಡಿದು ಭಾವನ ಮುಖವನ್ನೇ ದಿಟ್ಟಿಸುತ್ತಿದ್ದರು. ಆಮೇಲೆ ಸೌಟಿನಿಂದ ಒಂದು ತೊಟ್ಟು ಅಂಗೈಗೆ ಹಾಕಿಕೊಂಡು ನೆಕ್ಕಿ ನೋಡಿದರು. ಚೊಂಬಿನಲ್ಲಿ ನೀರು ತಂದು ಪಾತ್ರೆಗೆ ಸುರಿದರು, ಇನ್ನೊಂದು ಚೊಂಬು ಸುರಿದರು.

“ಒಲೆಗೆ ಇನ್ನೆರಡು ಸೌದೆ ಹಾಕು,” ಎಂದರು ಭಾವನಿಗೆ. “ಬೇಯೋಕೆ ಹೊತ್ತಾಗುತ್ತೆ. ಇಲ್ಲೇ ಕೂತಿರು.”